ಜಿಪುಣತನವೂ ನಗೆಯೂ

ಬಂಧುಬಳಗದಲ್ಲಿ ಒಬ್ಬ ಸುಳ್ಳುಗಾರನೋ ಕಳ್ಳನೋ ಇದ್ದರೆ ಆ ಸಂಗತಿಯನ್ನು ನಾವು ಮುಚ್ಚಿಡುತ್ತೇವೆ. ಜಿಪುಣನೊಬ್ಬನಿದ್ದರೆ ಮಾತ್ರ ಅವನ ಕಥೆಗಳನ್ನು ಮದುವೆ ಮುಂಜಿಗಳಲ್ಲಿ, ಅವನ ಎದುರಿನಲ್ಲಿಯೇ, ಹೇಳಿ ನಗುತ್ತೇವೆ. ಅನೇಕ ವೇಳೆ ಅವನೂ ನಗುತ್ತಾನೆ. ಲೋಭವನ್ನು ಹಿರಿಯರು ಅರಿಷಡ್ವರ್ಗಗಳಲ್ಲಿ ಒಂದೆಂದು ಎಣಿಸಿರುವರು. ಕಾಮಕ್ರೋಧಗಳಿಗೆ ಇಲ್ಲದ ಈ ಸಲಿಗೆ ಲೋಭಕ್ಕೆ ಮಾತ್ರ ಏಕೆ ದೊರೆಯಿತು? ವಿಚಾರಿಸತಕ್ಕ ಪ್ರಶ್ನೆಯಿದು.

1956ರವರೆಗೆ ರಾಯಚೂರು ಜಿಲ್ಲೆಗೆ ಸೇರಿದ್ದ ನಮ್ಮ ಗದ್ವಾಲ, ಐಜ ಸೀಮೆಯಲ್ಲಿ ಇಂತಹ ಕಥೆಗಳಿಗೆ ಒಂದು ವಿಶೇಷ ಅನುಕೂಲವಿದ್ದಿತು. ಈಚೆ ನಿಜಾಮರ ಹಾಲಿ ಸಿಕ್ಕ. ತುಂಗಭದ್ರೆಯನ್ನು ದಾಟಿದರೆ ಕರ್ನೂಲಿನ ಕಡೆ ಇಂಗ್ಲಿಷರ ಕಲದಾರ ರೂಪಾಯಿ. ಏಳು ಹಾಲಿಗೆ ಆರು ಕಲದಾರ. ಹೊಳೆಯಾಚೆ ಬೀಗರಿದ್ದ ಹಿರಿಯರೊಬ್ಬರು ತಮ್ಮ ಮಗಳ ಮದುವೆಯಲ್ಲಿ ಅವರಿಂದ ಏಳು ಕಲದಾರ ಮುಯ್ಯಿ ಪಡೆದು, ಅವರ ಮನೆಯ ಮದುವೆಯಲ್ಲಿ ಏಳು ಹಾಲಿ ರೂಪಾಯಿಗಳನ್ನು ಎಲ್ಲರೆದುರು ಎಣಿಸಿ ಕೊಟ್ಟರಂತೆ. ಕೇಳಿದವರಿಗೆ, "ಏಳಕ್ಕೆ ಏಳು ಸರಿಹೋತಲ್ಲಪಾ!" ಎಂದರಂತೆ. ಹಾಲಿ ಸಿಕ್ಕ 1959ರಲ್ಲಿ ಹೋಯಿತು, ಕಥೆ ಉಳಿಯಿತು. ಇದನ್ನು ಕೇಳಿ ನಗದವರಿಲ್ಲ. ಅಷ್ಟು ದೊಡ್ಡ ಬುದ್ಧಿಯನ್ನು ಖರ್ಚುಮಾಡಿ ಉಳಿಸಿದ್ದು ಒಂದೇ ರೂಪಾಯಿ. ಅದರಿಂದ ಯಾರ ಹೊಟ್ಟೆಯೂ ಬರಿದಾಗಲಿಲ್ಲ. ಆದರೆ ಈ ಕಥೆಗೆ ಒಂದು ಬಾಲವೂ ಉಂಟು. ಎಲ್ಲರೂ ನಕ್ಕ ಮೇಲೆ ಆ ಹಿರಿಯರ ಹೆಂಡತಿ, "ಉಳಿದ ಕಲದಾರ ಎಲ್ಲಿ ಹೋತು? ನನ್ನ ಕೈಗಂತೂ ಬರ್ಲಿಲ್ಲ" ಎಂದರಂತೆ. ಹೇಳುವವರು ಸಾಮಾನ್ಯವಾಗಿ ಈ ಬಾಲವನ್ನು ಬಿಟ್ಟುಬಿಡುತ್ತಾರೆ. ಕಥೆಯ ತಿರುಳು ಅಲ್ಲಿಯೇ ಇದೆಯೆಂದು ನನಗೆ ತೋರುತ್ತದೆ.

ಶ್ರೀನಿವಾಸ ನಾಯಕನ ಕಥೆಯನ್ನು ಅರಿಯದ ಕನ್ನಡಿಗನಿಲ್ಲ. ಬಡ ಬ್ರಾಹ್ಮಣನನ್ನು ದಿನದಿನವೂ ಅಲೆಸಿದ ಆ ಲೇವಾದೇವಿಗಾರ, ತನ್ನ ಹೆಂಡತಿಯೇ ದಾನವಿತ್ತ ಮೂಗುತಿಗೆ ತನ್ನ ಅಂಗಡಿಯಲ್ಲಿಯೇ ಹಣ ಕೊಡಬೇಕಾಯಿತು. ಇಲ್ಲಿಯವರೆಗೆ ತರಗತಿಯ ಹುಡುಗರು ನಗುತ್ತಾರೆ, ನಗಲಿ. ಅದೇ ಕಥೆಯನ್ನು ಅಂಗಡಿಯಿಂದ ಮನೆಯೊಳಕ್ಕೆ ತನ್ನಿರಿ: ಗಂಡನು ಮೂಗುತಿಯನ್ನು ಕೇಳಿದಾಗ ಆ ಸಾಧ್ವಿ ಭಯದಿಂದ ವಿಷದ ಬಟ್ಟಲನ್ನೆತ್ತುತ್ತಾಳೆ. ತನ್ನ ತವರಿನ ಒಡವೆಯನ್ನು ತಾನು ಕೊಟ್ಟುದಕ್ಕಾಗಿ! ನಾಯಕನು ಪುರಂದರದಾಸನಾದುದರಿಂದ ನಾವು ಈ ಬಟ್ಟಲನ್ನು ಬೇಗ ಮರೆಯುತ್ತೇವೆ. ದಾಸನಾಗದೆ ನಾಯಕನಾಗಿಯೇ ಉಳಿದವರ ಮನೆಗಳೇ ಲೋಕದಲ್ಲಿ ಹೆಚ್ಚು.

ಹಾಗೆಂದು ಜುಗ್ಗನೆನಿಸಿಕೊಂಡವನೆಲ್ಲ ನಾಯಕನಲ್ಲ. ನಮ್ಮ ಎರೆಯ ಹೊಲಗಳ ಊರುಗಳಲ್ಲಿ, ರಾಜೋಳಿಬಂಡೆಯ ಕಾಲುವೆ ಬರುವ ಮೊದಲು, ಮಳೆಯೊಂದೇ ಗತಿಯಾಗಿದ್ದ ಕಾಲದ ಒಕ್ಕಲಿಗನನ್ನು ನೆನೆಯಿರಿ. ತೇಪೆಯ ಧೋತರ, ನೀರುಮಜ್ಜಿಗೆ, ಹಿಂಡಿ, ರೊಟ್ಟಿ. ಹಬ್ಬಕ್ಕೂ ಹಗೇವಿನ ಬಾಯಿ ತೆರೆಯಲಾರ. ಹತ್ತು ವರ್ಷ ಊರವರು ಅವನನ್ನು ಆಡಿಕೊಂಡು ನಕ್ಕರು. ಹನ್ನೊಂದನೆಯ ವರ್ಷ ಮಳೆ ಹೋಯಿತು, ಹಗೇವು ತೆರೆಯಿತು. ನಕ್ಕವರೂ ಜೋಳಕ್ಕೆ ಚೀಲ ಹಿಡಿದು ಬಂದರು. ಇವನು ತನ್ನ ನಾಲಗೆಯನ್ನು ಬಿಗಿಹಿಡಿದು ಕೂಡಿಟ್ಟನು, ಆ ನಾಯಕನು ಹೆಂಡತಿಯ ಕೈಯನ್ನು ಬಿಗಿಹಿಡಿದು. ಇಬ್ಬರಿಗೂ ಒಂದೇ ಹೆಸರಿಟ್ಟು ಒಂದೇ ನಗೆ ನಗುವುದು ವಿವೇಕವಲ್ಲ. ಉಳಿಸಿದ್ದು ಎಷ್ಟು ಎಂಬುದಕ್ಕಿಂತ ಯಾರ ಪಾಲಿನಿಂದ ಎಂಬುದೇ ಇಲ್ಲಿ ಮುಖ್ಯವಾದ ಪ್ರಶ್ನೆ.

ಕೊಡುವುದರಲ್ಲಿಯೂ ಇದೇ ಪ್ರಶ್ನೆ ಏಳುತ್ತದೆ. ಐಜಕ್ಕೆ ಸಮೀಪದ ಉತ್ತನೂರಿನ ಗೋಪಾಲದಾಸರು, ಗುರುಗಳಾದ ವಿಜಯದಾಸರ ಮಾತಿನಂತೆ, ಹೊಟ್ಟೆನೋವಿನಿಂದ ನರಳುತ್ತಿದ್ದ ಮಾನವಿಯ ಜಗನ್ನಾಥದಾಸರಿಗೆ ತಮ್ಮ ಆಯುಷ್ಯದ ನಲವತ್ತು ವರ್ಷಗಳನ್ನು ಧಾರೆಯೆರೆದರೆಂಬ ಐತಿಹ್ಯವಿದೆ. ನಂಬುವುದು ಬಿಡುವುದು ಅವರವರ ಇಚ್ಛೆ. ಆದರೆ ಕಥೆ ಕಟ್ಟಿದ ಜನರ ಸೂಕ್ಷ್ಮವನ್ನು ಗಮನಿಸಿರಿ: ಕೊಟ್ಟುದು ಮತ್ತೊಬ್ಬರದಲ್ಲ, ತಮ್ಮದೇ ಆಯುಷ್ಯ.

ಸಾಲ ತಂದು ಊರಿಗೆಲ್ಲ ಹೋಳಿಗೆ ಬಡಿಸುವ ಗೃಹಸ್ಥನೊಬ್ಬನು ಪ್ರತಿಯೊಂದು ಊರಿನಲ್ಲಿಯೂ ಇರುತ್ತಾನೆ. ಉಂಡವರು ಅವನನ್ನು ಕರ್ಣನೆಂದು ಹೊಗಳುತ್ತಾರೆ. ಅವನ ಮನೆಯಾಕೆಯ ಮೂಗುತಿಯೂ ಒತ್ತೆಯಂಗಡಿಯಲ್ಲಿಯೇ ಇರುತ್ತದೆ. ಅವನ ಮೇಲೆ ಮಾತ್ರ ಯಾರೂ ಇನ್ನೂ ನಗೆಯ ಕಥೆ ಕಟ್ಟಿಲ್ಲ.