ಬೆವರು ಬಾರದವನ ಕೂಲಿ

ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ಕೃಷ್ಣಾ ಹೊಳೆಗೆ ಅಡ್ಡ ಒಂದು ಬ್ಯಾರೇಜು ಐತಿ. ಸರಕಾರದ ದಾರಿ ಕಾಯ್ದು ಸಾಕಾದ ರೈತರು ಕೃಷ್ಣಾ ತೀರ ರೈತ ಸಂಘ ಕಟ್ಟಿಕೊಂಡು, ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ, ತಾವೇ ರೊಕ್ಕ ಕೂಡಿಸಿ ತಾವೇ ದುಡಿದು 1989ರಲ್ಲಿ ಕಟ್ಟಿದ್ದು. ಆ ಕೆಲಸದ ಹೆಸರಿನ ಮೇಲೆ ನ್ಯಾಮಗೌಡರು 1991ರ ಲೋಕಸಭಾ ಚುನಾವಣೆಯಲ್ಲಿ ರಾಮಕೃಷ್ಣ ಹೆಗಡೆಯಂಥವರನ್ನೇ ಸೋಲಿಸಿದರು. ಆ ನೀರಿಗೆ ಶ್ರಮಬಿಂದು ಸಾಗರ ಅಂತ ಹೆಸರು. ಬೆವರ ಹನಿಗಳ ಸಮುದ್ರ. ನಾವು ಹುಟ್ಟುವ ಮೊದಲಿನ ಮಾತು ಇದು, ಆದರೂ ಆ ಹೆಸರು ಕೇಳಿದಾಗೆಲ್ಲ ಎದೆ ಉಬ್ಬತೈತಿ. ಸುಳ್ಳು ಯಾಕೆ ಹೇಳೋಣ, ನಮ್ಮ ಮೊದಲ ಪದ್ಯ ಅದರ ಮೇಲೇ.

ನೀರು ಬಂತು, ಭೂಮಿ ಇದ್ದವರ ಹೊಲದೊಳಗ ಕಬ್ಬು ಬೆಳೀತು. ಭೂಮಿ ಇಲ್ಲದ ನಮಗೆ ಆ ಕಬ್ಬು ಕಡಿಯುವ ಕೆಲಸ ಬಂತು.

ನಮ್ಮ ಕೇರಿಯ ಹುಡುಗನೊಬ್ಬ ಗ್ಯಾಂಗಿನ ಜೋಡಿ ಕಬ್ಬು ಕಡಿಯಲಿಕ್ಕೆ ಹೋಗತಿದ್ದ. ಹೆಸರು ಬೇಡ. ತಲೆಯ ಮೇಲೆ ಕೂದಲು ಅಲ್ಲೊಂದು ಇಲ್ಲೊಂದು. ಬಾಯೊಳಗ ನಾಲ್ಕಾರು ಹಲ್ಲು, ಅವೂ ಮೊಳೆಯಂಗ ಚೂಪು. ನಗುವಾಗ ಕೈ ಅಡ್ಡ ಹಿಡೀತಾನ. ಮಧ್ಯಾಹ್ನ ಆತಂದ್ರ ಕೊಯ್ತಾ ಕೆಳಗಿಟ್ಟು ಬದುವಿನ ಮರದ ಬುಡಕ್ಕೆ ಓಡತಿದ್ದ. ಮುಕಾದಮ ಕೂಗತಿದ್ದ: "ಎಲ್ಲಾರ ಅಂಗಿ ತೊಯ್ದು ತೊಪ್ಪಿ ಆಗ್ಯಾವ. ಇವನ ಅಂಗಿ ನೋಡ್ರಿ, ಒಣ ರೊಟ್ಟಿ! ಮೈಗಳ್ಳ!" ಗ್ಯಾಂಗು ನಗತಿತ್ತು. ಕಾಲೇಜಿಗೆ ರಜೆ ಇದ್ದಾಗ ನಾವೂ ಆ ಗ್ಯಾಂಗಿನೊಳಗ ಇದ್ದೆವು. ನಾವೂ ನಕ್ಕೆವು.

ಒಂದು ದಿನ ಹುಡುಗ ಕಬ್ಬಿನ ಸಾಲಿನೊಳಗ ಬಿದ್ದ. ಮೈ ಮುಟ್ಟಿದರೆ ಕಾದ ಹಂಚು. ಆದರೆ ಒಂದು ಹನಿ ಬೆವರಿಲ್ಲ. ಆಮೇಲೆ ದೊಡ್ಡ ಊರಿನ ಡಾಕ್ಟರು ಹೇಳಿದರು: ಇವನ ಚರ್ಮದೊಳಗ ಬೆವರಿನ ಗ್ರಂಥಿಗಳೇ ಇಲ್ಲದಷ್ಟು ಕಡಿಮಿ. ಎಕ್ಟೋಡರ್ಮಲ್ ಡಿಸ್‌ಪ್ಲೇಸಿಯಾ ಅಂತ ರೋಗದ ಹೆಸರು, ಬಹಳ ಅಪರೂಪದ್ದು. ಕೂದಲು, ಹಲ್ಲು, ಬೆವರಿನ ಗ್ರಂಥಿ, ಇವೆಲ್ಲ ಬಸಿರಿನೊಳಗ ಮೂಡುವಾಗಲೇ ಕೊರತೆ ಬಿದ್ದಿರುತ್ತದೆ. ಹುಟ್ಟಿದ ಮೇಲೆ ಹೊಸ ಗ್ರಂಥಿ ಬೆಳೆಯುವುದಿಲ್ಲ.

ಮನುಷ್ಯನ ಮೈಮೇಲೆ 20ರಿಂದ 40 ಲಕ್ಷ ಬೆವರಿನ ಗ್ರಂಥಿಗಳು. ಒಂದು ಲೀಟರ್ ಬೆವರು ಚರ್ಮದ ಮೇಲೆ ಆರಿದರೆ ಸುಮಾರು 580 ಕಿಲೋ ಕ್ಯಾಲರಿ ಕಾವು ಹೊತ್ತುಕೊಂಡು ಹೋಗುತ್ತದೆ. ಮಣ್ಣಿನ ಹರವಿ ಜಿನುಗಿ ಜಿನುಗಿ ಒಳಗಿನ ನೀರನ್ನು ತಂಪು ಇಡುವುದಿಲ್ಲವೇ, ಹಂಗ. ಈ ಹುಡುಗ ಬಿಸಿಲಿಗೆ ಇಟ್ಟ ಹಿತ್ತಾಳಿ ಕೊಡ. ಮೈಗಳ್ಳ ಅಂದೆವಲ್ಲ, ಅವನು ಮೈ ಕದ್ದಿರಲಿಲ್ಲ, ಜೀವ ಉಳಿಸಿಕೊಳ್ಳಲು ಓಡುತ್ತಿದ್ದ.

ಊರು ಸುಮ್ಮನಿರುತ್ತದೆಯೇ? ಹಿಂದಿನ ಜನ್ಮದ ಪಾಪ ಅಂದರು. ತಾಯಿಯ ಕಡೆ ಬೊಟ್ಟು ಮಾಡಿದರು. ಡಾರ್ವಿನ್ನನ ಪುಸ್ತಕವೊಂದರ 1875ರ ಆವೃತ್ತಿಯೊಳಗ ಸಿಂಧ ಪ್ರಾಂತದ ಹಿಂದೂ ಮನೆತನವೊಂದರ ಮಾತು ಬರುತ್ತದೆ. ನಾಲ್ಕು ತಲೆಮಾರಿನೊಳಗ ಹತ್ತು ಗಂಡಸರಿಗೆ ಹಲ್ಲು ಕಡಿಮಿ, ಮೈಮೇಲೆ ಕೂದಲು ಕಡಿಮಿ, ಬ್ಯಾಸಗಿಯೊಳಗ ಒಣ ಚರ್ಮದ ಸಂಕಟ. ಹೆಣ್ಣುಮಕ್ಕಳಿಗೆ ರೋಗ ಬರಲಿಲ್ಲ, ಆದರೆ ಅವರ ಮೂಲಕ ಅವರ ಗಂಡುಮಕ್ಕಳಿಗೆ ಬಂತು ಅಂತ ಡಾರ್ವಿನ್ ಬರೆದಿದ್ದಾನೆ. ಅದರ ಕಾರಣವಾದ ಜೀನು ವಿಜ್ಞಾನಿಗಳಿಗೆ ಸಿಕ್ಕಿದ್ದು 1996ರಲ್ಲಿ. ತಾಯಿಯಿಂದ ದಾಟಿ ಬರುವುದು ಬ್ಯಾರೆ, ತಾಯಿ ತಪ್ಪು ಮಾಡುವುದು ಬ್ಯಾರೆ. ಪಾಪ ಪುಣ್ಯದ ಈ ಲೆಕ್ಕ ನಮಗೆ ಹೊಸದಲ್ಲ. ನಮ್ಮ ಹುಟ್ಟಿಗೂ ಇದೇ ಲೆಕ್ಕ ಹೇಳಿಕೊಂಡು ಬಂದವರು ಅವರು. ಈ ರೋಗವಾದರೂ ಮೈಯೊಳಗ ಐತಿ. ಜಾತಿ ಯಾವ ಮೈಯೊಳಗೂ ಇಲ್ಲ.

ಇಷ್ಟು ಹೇಳಿ ಬೇರೆಯವರನ್ನು ಬೈದು ಮುಗಿಸಬಹುದಿತ್ತು. ಆದರೆ ಗೆಳೆಯರೇ, 'ಮೈಗಳ್ಳ' ಅಂದು ನಕ್ಕವರು ನಮ್ಮವರೇ. ನಾವು ಬರೆದ ಪದ್ಯಗಳನ್ನು ತಿರುಗಿ ಓದಿದೆವು. ಬೆವರು ಸುರಿಸಿದವನಿಗೇ ಅನ್ನ, ಬೆವರದವನು ಕಳ್ಳ ಅಂತ ಎಷ್ಟು ಸಲ ಬರೆದೆವೋ! ಕುಂತು ತಿನ್ನುವವರ ಎದೆಗೆ ಎಸೆದ ಮಾತು ಅದು. ಅದು ಹೋಗಿ ಬಡಿದದ್ದು ಮರದ ಬುಡದೊಳಗ ಏದುಸಿರು ಬಿಡುವ ಹುಡುಗನಿಗೆ. ಹುಟ್ಟಿನಿಂದ ಮನುಷ್ಯನನ್ನು ಅಳೆಯಬ್ಯಾಡ್ರಿ ಅಂದವರು ನಾವು, ಬೆವರಿನಿಂದ ಅಳೆಯಲು ಕುಂತೆವು. ಇವನಿಗೆ ಅದೂ ಹುಟ್ಟೇ ಆಯಿತಲ್ಲ.

ಅವನಿಗೆ ಬೇಕಾದ ಔಷಧ ನೀರು. ಅಂಗಿ ತೋಯಿಸಿಕೊಳ್ಳಬೇಕು, ಒಣಗಿದ ಕೂಡಲೆ ಮತ್ತೆ ತೋಯಿಸಬೇಕು. ಮೈ ಕೊಡದ ಬೆವರನ್ನು ಹೊರಗಿನ ನೀರು ಕೊಡಬೇಕು. ಹೊಲದ ಪಂಪಿನ ತೊಟ್ಟಿಗೆ ಅಂಗಿ ಅದ್ದಲು ಹೋದರೆ ಮಾಲಕ ದೂರ ನಿಲ್ಲಿಸಿ, ಚರಿಗೆಯಿಂದ ಮ್ಯಾಲಿಂದ ಹುಯ್ದ. 1927ರಲ್ಲಿ ಬಾಬಾಸಾಹೇಬರು ಮಹಾಡದ ಚವದಾರ ಕೆರೆಗೆ ಇಳಿದು ನೀರು ಮುಟ್ಟಿದ್ದನ್ನು ನಾವು ಭಾಷಣದೊಳಗ ಹೇಳುತ್ತೇವೆ. ಆ ನೀರು ಈ ತೊಟ್ಟಿಯ ತನಕ ಇನ್ನೂ ಬಂದಿಲ್ಲ. ಶ್ರಮಬಿಂದು ಸಾಗರದ ದಂಡೆಯ ಮ್ಯಾಲೆ ನಿಂತು ಈ ಮಾತು ಬರೆಯಬೇಕಾಗೇತಿ.

2018ರಲ್ಲಿ ಜರ್ಮನಿಯ ಎರ್ಲಾಂಗನ್‌ನ ವೈದ್ಯರು, ಈ ರೋಗವಿದ್ದ ಗಂಡು ಕೂಸುಗಳಿಗೆ ಬಸಿರಿನೊಳಗೇ ಔಷಧ ಕೊಟ್ಟು, ಹುಟ್ಟಿದ ಮೇಲೆ ಅವು ಬೆವರುವಂತೆ ಆದದ್ದನ್ನು ವರದಿ ಮಾಡಿದರು. ದೊಡ್ಡ ಸುದ್ದಿ. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ಅಂಗವೈಕಲ್ಯ ಎಣಿಸುತ್ತದೆ, ಇದು ಅದರೊಳಗ ಇಲ್ಲ.

ಈಗ ಹುಡುಗ ನಸುಕಿನಿಂದ ಹತ್ತು ಗಂಟೆಯ ತನಕ ಕಡೀತಾನ, ಹೊತ್ತು ಇಳಿದ ಮೇಲೆ ಮತ್ತೆ ಬರತಾನ. ನಡುವಿನ ಬಿಸಿಲು ಇಲ್ಲ. ಟನ್ನಿನ ಲೆಕ್ಕದ ರೊಕ್ಕ ಗ್ಯಾಂಗಿನೊಳಗ ಹಂಚಬೇಕು. ಇವನಿಗೆ ಪೂರಾ ಪಾಲೋ, ಅರ್ಧವೋ? ಪೂರಾ ಕೊಡ್ರಿ ಅಂತ ನಾವು ವಾದ ಮಾಡಿದೆವು. ಎರಡು ಮಕ್ಕಳ ತಾಯಿ, ಗಂಡ ಇಲ್ಲದ ಅಕ್ಕ ಒಬ್ಬಾಕಿ ಎದ್ದು ನಿಂತು ಕೇಳಿದಳು: "ತಮ್ಮಾ, ನನ್ನ ಮೈ ಬೆವರತೈತಿ ಅಂತ ಮಧ್ಯಾಹ್ನದ ಬಿಸಲಾಗ ನಾನೇ ಸುಟ್ಕೊಬೇಕೇನು? ಅವನ ಪಾಲು ನನ್ನ ಮಕ್ಕಳ ಬಾಯಿಂದ ಯಾಕ ಹೋಗಬೇಕು?"

ನಮಗೆ ಮಾತು ಹೊರಡಲಿಲ್ಲ. ಆಕೆಯ ಸಿಟ್ಟಿನೊಳಗ ತಪ್ಪು ಹುಡುಕಲು ಆಗಲಿಲ್ಲ. ರಾತ್ರಿ ಮಲಗಿದಾಗ ಹೊಳೀತು: ಹುಡುಗನಿಗೂ ಆಕೆಗೂ ನಡುವೆ ಹರಿದು ಹಂಚಲು ಒಂದೇ ರೊಟ್ಟಿ ಇಟ್ಟವರು ಯಾರು? ಆ ಹೊಲದ ಮಾಲಕನ ಮನೆಗಾಗಲಿ, ಕಾರಖಾನೆಯ ಆಫೀಸಿಗಾಗಲಿ ಹೋಗಿ, ಮಧ್ಯಾಹ್ನದ ಬಿಸಿಲಿನ ಕೂಲಿ ಎಷ್ಟು ಅಂತ ನಾವು ಒಂದು ದಿನವಾದರೂ ಕೇಳಿದೆವೇ? ಬೆವರುವವರಿಗೂ ಆ ಹೊತ್ತಿನೊಳಗ ನೆರಳು ಬೇಡವೇ?

ಮರುದಿನ ಆ ಅಕ್ಕನ ಹತ್ತಿರ ಹೋಗಿ ಹೇಳಿದೆವು. "ಹಂಗಾರ ನೀವ ಮುಂದ ನಡೀರಿ, ನಾ ಹಿಂದ ಬರತೀನಿ" ಅಂದಳು. ಹಂಗಾಮಿನ ಲೆಕ್ಕ ಇನ್ನೂ ಆಗಿಲ್ಲ.