ಮಣ್ಣಿನಲ್ಲಿ ಹೂತ ತಲೆಂತು



ಯೇಸುಸ್ವಾಮಿ ಹೇಳಿದ ತಲೆಂತುಗಳ ಸಾಮತಿಯನ್ನು (ಮತ್ತಾಯ 25:14-30) ನಾವು ಎಷ್ಟೋ ಸಲ ಕೇಳಿದ್ದೇವೆ. ಮೂರನೆಯ ಸೇವಕ ಸೋಮಾರಿ, ಆದ್ದರಿಂದ ಶಿಕ್ಷೆಗೆ ಗುರಿಯಾದ ಎಂದು ಮಕ್ಕಳಿಗೂ ಹೇಳಿಕೊಡುತ್ತೇವೆ. ಅದು ನಿಜವೇ. ಆದರೆ ಆ ಸೋಮಾರಿತನದ ಹಿಂದೆ ಏನಿತ್ತು? ಹೆದರಿಕೆ. ಅವನೇ ಅದನ್ನು ಒಪ್ಪಿಕೊಳ್ಳುತ್ತಾನೆ. ಧಣಿ ಅವನನ್ನು ನಂಬಿ, ಅವನ ಶಕ್ತಿಗೆ ತಕ್ಕಷ್ಟನ್ನು ಒಪ್ಪಿಸಿ ಹೋಗಿದ್ದ. ಅವನಾದರೋ ಧಣಿಯನ್ನು ಕಠಿಣ ಮನುಷ್ಯನೆಂದು ಎಣಿಸಿ, ಸಿಕ್ಕಿದ್ದನ್ನು ಮಣ್ಣಿನಲ್ಲಿ ಹೂತಿಟ್ಟ.

ನಮ್ಮ ಧರ್ಮಕೇಂದ್ರಗಳಲ್ಲಿ ಎಷ್ಟೋ ಮಕ್ಕಳ ಪ್ರತಿಭೆ ಹೂತುಹೋಗುವುದು ಇದೇ ಹೆದರಿಕೆಯಿಂದ.

ಇಟಲಿಯ ವೆನಿಸ್ ನಗರದಲ್ಲಿ 'ಪಿಯೆತಾ' ಎಂಬ ಅನಾಥಾಲಯವಿತ್ತು. ಹೆತ್ತವರು ಬಿಟ್ಟುಹೋದ ಶಿಶುಗಳನ್ನು ಅದು ಸಾಕುತ್ತಿತ್ತು. 1703ರಲ್ಲಿ ಗುರುದೀಕ್ಷೆ ಪಡೆದ ಆಂತೋನಿಯೊ ವಿವಾಲ್ಡಿ ಅದೇ ವರ್ಷ ಅಲ್ಲಿಯ ಹೆಣ್ಣುಮಕ್ಕಳಿಗೆ ಪಿಟೀಲು ಕಲಿಸಲು ಸೇರಿದರು. ಇಂದು ಜಗತ್ತು ಮೆಚ್ಚುವ ಅವರ ಅನೇಕ ಕೃತಿಗಳು ಆ ಮಕ್ಕಳ ಕೈಗಾಗಿಯೇ ಹುಟ್ಟಿದವು. ಕಲಿತ ಹಿರಿಯರು ಕಿರಿಯರಿಗೆ ಕಲಿಸುವುದು ಅಲ್ಲಿಯ ಪದ್ಧತಿ. ಆನ್ನ ಮರಿಯಾ ಎಂಬಾಕೆ ಅವರಲ್ಲೊಬ್ಬಳು. ಆಕೆಗೆ ಮನೆತನದ ಹೆಸರಿರಲಿಲ್ಲ. ಜನ ಆಕೆಯನ್ನು 'ಪಿಟೀಲಿನ ಆನ್ನ ಮರಿಯಾ' ಎಂದೇ ಕರೆದರು. ಮುಂದೆ ಆಕೆಯೇ ಅಲ್ಲಿ ಗುರುವಾದಳು.

ಪಿಟೀಲು ಆಕೆಗೆ ಬೆಲೆ ತಂದಿತೇ? ಇಲ್ಲ. ದೇವರು ಮೊದಲೇ ಆಕೆಯನ್ನು ಹೆಸರು ಹಿಡಿದು ಕರೆದಿದ್ದರು (ಯೆಶಾಯ 43:1). ಆ ಕರೆ ಆಕೆಗೆ ಕೇಳುವಂತೆ ಮಾಡಿದವರು ಆಕೆಯ ಕೈಗೆ ವಾದ್ಯ ಕೊಟ್ಟು ತಾಳ್ಮೆಯಿಂದ ಕಲಿಸಿದವರು.

ನಮ್ಮಲ್ಲಿ ಏನಾಗುತ್ತಿದೆ? ಕೀಬೋರ್ಡ್ ಕಲಿಯುತ್ತಿರುವ ಹುಡುಗ ಬಲಿಪೂಜೆಯಲ್ಲಿ ಒಂದು ಸ್ವರ ತಪ್ಪಿದರೆ ಹತ್ತು ತಲೆಗಳು ಅವನತ್ತ ತಿರುಗುತ್ತವೆ. ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಯಾರೋ ನಗುತ್ತಾರೆ. ಮನೆಗೆ ಹೋದರೆ, "ಪಕ್ಕದ ಮನೆಯವನನ್ನು ನೋಡಿ ಕಲಿ" ಎಂಬ ಮಾತು. ಮುಂದಿನ ಭಾನುವಾರ ಅವನು ಬರುವುದಿಲ್ಲ. ನಾವು ಮೊಬೈಲಿನಲ್ಲಿ ಹಿನ್ನೆಲೆ ಸಂಗೀತ ಹಾಕಿಕೊಂಡು ಹಾಡುತ್ತೇವೆ. ಸ್ವರ ತಪ್ಪುವುದಿಲ್ಲ. ಆದರೆ ಒಂದು ಮಗು ನಮ್ಮ ಕೈತಪ್ಪಿ ಹೋಗಿರುತ್ತದೆ.

ಹಾಗಾದರೆ ಆರಾಧನೆಯಲ್ಲಿ ಅಚ್ಚುಕಟ್ಟು ಬೇಡವೇ? ಖಂಡಿತ ಬೇಕು. ಗಾಯನವೃಂದಗಳನ್ನು ಶ್ರದ್ಧೆಯಿಂದ ಬೆಳೆಸಬೇಕೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲಿಯೇ ತಿಳಿಸಿತು. ಬೆಳೆಸುವುದೆಂದರೆ ಬಲ್ಲವರನ್ನು ಆರಿಸಿಕೊಳ್ಳುವುದಷ್ಟೇ ಅಲ್ಲ, ಅರಿಯದವರನ್ನು ಸಿದ್ಧಗೊಳಿಸುವುದು. ಶನಿವಾರ ಸಂಜೆ ಒಂದು ಗಂಟೆ ಅಭ್ಯಾಸವಿರಲಿ. ತಪ್ಪನ್ನು ಅಲ್ಲಿಯೇ, ಮೆಲ್ಲಗೆ ತಿದ್ದೋಣ. ಹೊಸಬರಿಗೆ ಮೊದಲು ಒಂದೇ ಒಂದು ಸುಲಭ ಗೀತೆಯನ್ನು ಒಪ್ಪಿಸೋಣ; ಬಲ್ಲವರು ಪಕ್ಕದಲ್ಲಿ ಕುಳಿತಿರಲಿ. ಸ್ವಲ್ಪದರಲ್ಲಿ ನಂಬಿಗಸ್ತನಾದವನಿಗೆ ಹೆಚ್ಚಿನದನ್ನು ಒಪ್ಪಿಸುವುದು ಶುಭಸಂದೇಶದ ಕ್ರಮವಲ್ಲವೇ? ನಿಮ್ಮ ಮನೆಯ ಅಟ್ಟದ ಮೇಲೆ ಧೂಳು ಹಿಡಿದ ಗಿಟಾರ್ ಇದ್ದರೆ, ಕೊಳ್ಳಲಾಗದ ಮನೆಯ ಮಗುವಿಗೆ ಅದನ್ನು ಕೊಡಿ. ಅದೂ ಹೂತಿಟ್ಟ ತಲೆಂತೇ.

ತಂದೆತಾಯಂದಿರೇ, ಇಂದು ರಾತ್ರಿ ಜಪಸರ ಮುಗಿದ ಮೇಲೆ ನಿಮ್ಮ ಮಗುವಿಗೆ ಒಂದು ಗೀತೆ ನುಡಿಸಲು ಹೇಳಿ. ನಡುವೆ ತಡವರಿಸಿದರೆ ಹುಬ್ಬು ಗಂಟಿಕ್ಕಬೇಡಿ. "ಪರವಾಗಿಲ್ಲ ಕಂದ, ಇನ್ನೊಮ್ಮೆ ನುಡಿಸು" ಎನ್ನಿ. ಆಗ ಮಗು ನಿಮ್ಮಲ್ಲಿ ಕಾಣುವುದು ಕಠಿಣ ಧಣಿಯನ್ನಲ್ಲ, ನಮ್ಮನ್ನು ನಂಬಿ ಎಲ್ಲವನ್ನೂ ಒಪ್ಪಿಸಿದ ಸ್ವರ್ಗೀಯ ತಂದೆಯನ್ನು.

ನವೆಂಬರ್ 22ರಂದು ನಾವು ಹಬ್ಬವನ್ನಾಚರಿಸುವ, ಸಂಗೀತಗಾರರ ಪಾಲಕಿ ಸಂತ ಸಿಸಿಲಿಯಾ ನಮ್ಮ ಮಕ್ಕಳಿಗಾಗಿ ಪ್ರಾರ್ಥಿಸಲಿ. ಆಮೆನ್.