ಯಾರ ಹಿತಕ್ಕಾಗಿ ಈ ಸ್ಥಳಾಂತರ?

ಗೃಹಸ್ಥನು ತನ್ನ ಕುಟುಂಬವನ್ನು ಒಂದು ನಾಡಿನಿಂದ ಇನ್ನೊಂದು ನಾಡಿಗೆ ಕರೆದೊಯ್ಯಲು ನಿಶ್ಚಯಿಸಿದಾಗ ಆಡುವ ಮಾತು ಸಾಮಾನ್ಯವಾಗಿ ಒಂದೇ: "ಇದು ಎಲ್ಲರ ಒಳ್ಳೆಯದಕ್ಕೆ." ಈ 'ಎಲ್ಲರ' ಎಂಬ ಪದವನ್ನು ಬಿಡಿಸಿ ನೋಡುವ ಅಭ್ಯಾಸ ನಮ್ಮಲ್ಲಿ ಕಡಿಮೆ. ಮನೆಯಲ್ಲಿ ಎಪ್ಪತ್ತು ದಾಟಿದ ತಾಯಿ ಇದ್ದಾರೆ, ಹತ್ತು ತುಂಬದ ಮಗುವಿದೆ, ನಡುವೆ ದುಡಿಯುವ ಪ್ರಾಯದವರಿದ್ದಾರೆ. ಹೊಸ ನೆಲ, ಹೊಸ ಹವೆ ಇವರೆಲ್ಲರಿಗೂ ಒಂದೇ ಪ್ರಮಾಣದಲ್ಲಿ ಹಿತವಾಗುವುದು ಅಸಂಭವ. ಹಾಗಿರುವಾಗ, ಒಬ್ಬರ ಮುಂದಿನ ದಿನಗಳಿಗಾಗಿ ಇನ್ನೊಬ್ಬರ ಉಳಿದ ದಿನಗಳನ್ನು ವ್ಯಯಿಸುವ ಅಧಿಕಾರ ಮನೆಯ ಯಜಮಾನನಿಗೆ ಉಂಟೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಶೀತಪ್ರದೇಶದಿಂದ ಉಷ್ಣಪ್ರದೇಶಕ್ಕೆ ಹೋಗುವವರ ವಿಷಯದಲ್ಲಿ ಈ ಪ್ರಶ್ನೆ ಹೆಚ್ಚು ಸೂಕ್ಷ್ಮವಾಗುತ್ತದೆ. ಚಳಿಯಿಂದ ಬಿಡುಗಡೆಯೆಂದರೆ ಸುಖವೆಂದೇ ಬೆಚ್ಚನೆಯ ನಾಡಿನವರಾದ ನಮ್ಮ ಭಾವನೆ. ದೇಹದ ಸಾಕ್ಷ್ಯ ಬೇರೆ. ಆರೋಗ್ಯವಂತನಾದ ಪ್ರಾಯಸ್ಥನ ಶರೀರವು ಒಂದೆರಡು ವಾರಗಳಲ್ಲಿ ಸೆಕೆಗೆ ತಕ್ಕಮಟ್ಟಿಗೆ ಹೊಂದಿಕೊಳ್ಳುತ್ತದೆ. ಬೆವರು ಬೇಗ ಬರುತ್ತದೆ, ಅದರಲ್ಲಿ ಉಪ್ಪಿನ ಅಂಶ ಕಡಿಮೆಯಾಗುತ್ತದೆ. ವೃದ್ಧರಲ್ಲಿ ಬೆವರುವ ಶಕ್ತಿಯೂ ಕುಂದಿರುತ್ತದೆ, ಬಾಯಾರಿಕೆಯ ಅರಿವೂ ಮಂದವಾಗಿರುತ್ತದೆ. ಜಪಾನಿನ ಶರೀರಶಾಸ್ತ್ರಜ್ಞ ಯಾಸ್ ಕೂನೊ ಅವರು ತೋರಿಸಿಕೊಟ್ಟಂತೆ, ಮನುಷ್ಯನ ಚರ್ಮದಲ್ಲಿ ಎಷ್ಟು ಬೆವರಿನ ಗ್ರಂಥಿಗಳು ಕೆಲಸ ಮಾಡಬೇಕೆಂಬುದು ಶೈಶವದ ಮೊದಲ ಎರಡು ಮೂರು ವರ್ಷಗಳಲ್ಲಿಯೇ ಬಹುಮಟ್ಟಿಗೆ ನಿಶ್ಚಿತವಾಗಿಬಿಡುತ್ತದೆ. ಅಂದರೆ ಒಂದೇ ರೈಲಿನಲ್ಲಿ ಬಂದಿಳಿದ ಅಜ್ಜಿಯೂ ತೊಡೆಯ ಮೇಲಿನ ಮೊಮ್ಮಗುವೂ ಒಂದೇ ನಾಡಿಗೆ ಬಂದಿಲ್ಲ.

ಇದಕ್ಕೆ ದೂರದ ಉದಾಹರಣೆ ಬೇಕಾಗಿಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆ ನಮ್ಮ ಕಣ್ಣೆದುರಿಗೇ ಇದೆ. 1959ರ ಮಾರ್ಚಿನಲ್ಲಿ ದಲೈ ಲಾಮಾ ಅವರು ಲ್ಹಾಸಾವನ್ನು ತೊರೆದ ಬಳಿಕ ಹತ್ತಾರು ಸಾವಿರ ಟಿಬೆಟನ್ನರು ಹಿಮಾಲಯವನ್ನು ದಾಟಿ ಭಾರತಕ್ಕೆ ಬಂದರು. ಸಮುದ್ರಮಟ್ಟದಿಂದ ಮೂರೂವರೆ ಸಾವಿರ ಮೀಟರಿಗೂ ಎತ್ತರದ ಒಣ ಚಳಿಯಲ್ಲಿ ಹುಟ್ಟಿ ಬೆಳೆದ ಜನ ಅವರು. ಮೊದಲು ಅವರನ್ನಿರಿಸಿದ್ದು ಅಸ್ಸಾಮಿನ ಮಿಸ್ಸಾಮಾರಿ, ಬಂಗಾಳದ ಬಕ್ಸಾ ಮೊದಲಾದ ಶಿಬಿರಗಳಲ್ಲಿ. ಮೈಮೇಲೆ ಉಣ್ಣೆಯ ದಪ್ಪ ನಿಲುವಂಗಿ, ಸುತ್ತಲೂ ಬಯಲುಸೀಮೆಯ ಧಗೆ. ಕಾಯಿಲೆಯಿಂದ ಅನೇಕರು ಸತ್ತರು. ತಮ್ಮವರನ್ನು ತಂಪಾದ ಸ್ಥಳಗಳಿಗೆ ಕಳುಹಿಸಬೇಕೆಂದು ದಲೈ ಲಾಮಾ ಅವರೇ ಪ್ರಧಾನಿ ನೆಹರೂ ಅವರನ್ನು ಕೇಳಿಕೊಂಡರು. ಬೆಟ್ಟದ ಸೀಮೆಗಳಲ್ಲಿ ರಸ್ತೆ ನಿರ್ಮಾಣದ ಕೂಲಿಯೇನೋ ದೊರೆಯಿತು. ಆದರೆ ಹೆಂಡಿರು ಮಕ್ಕಳೊಡನೆ ನೆಲೆನಿಲ್ಲಲು ಭೂಮಿ ಬೇಕಲ್ಲವೆ? ನೆಹರೂ ಅವರು ರಾಜ್ಯಗಳಿಗೆ ಪತ್ರ ಬರೆದಾಗ ಉದಾರವಾಗಿ ಮುಂದೆ ಬಂದದ್ದು ಅಂದಿನ ಮೈಸೂರು ರಾಜ್ಯ. ಸುಮಾರು 3,000 ಎಕರೆ ಕಾಡುಭೂಮಿ ದೊರೆತು, 1960ರ ಕೊನೆಯ ವೇಳೆಗೆ ಮೊದಲ ತಂಡಗಳು ಬೈಲುಕುಪ್ಪೆಗೆ ಬಂದವು. ತಂಪನ್ನು ಕೇಳಿದವರಿಗೆ ದೊರೆತದ್ದು ಇನ್ನೂ ದಕ್ಷಿಣದ ಬಿಸಿಲು. ಇದರಲ್ಲಿ ಯಾರ ದುರುದ್ದೇಶವೂ ಇರಲಿಲ್ಲ; ಭೂಮಿ ಇದ್ದ ಕಡೆ ತಂಪಿರಲಿಲ್ಲ, ಅಷ್ಟೆ.

ಬಂದವರು ಮೊದಲು ಮಾಡಬೇಕಾಗಿದ್ದ ಕೆಲಸ ಕಾಡನ್ನು ಕಡಿದು ಸುಡುವುದು. ತಲೆಯ ಮೇಲೆ ಸೂರ್ಯ, ಎದುರಿಗೆ ಬೆಂಕಿ, ವಾಸಕ್ಕೆ ಡೇರೆ. ಆ ಬೆಂಕಿಯಲ್ಲಿ ಎಣಿಕೆಯಿಲ್ಲದ ಕ್ರಿಮಿಕೀಟಗಳು, ಸಣ್ಣ ಪ್ರಾಣಿಗಳು ಸಾಯುತ್ತಿದ್ದುದು ಬೌದ್ಧರಾದ ಆ ಜನರಿಗೆ ಸೆಕೆಗಿಂತ ಹೆಚ್ಚಿನ ಸಂಕಟವಾಗಿತ್ತೆಂದು ದಲೈ ಲಾಮಾ ತಮ್ಮ ಆತ್ಮಕಥೆಯಲ್ಲಿ ಸ್ಮರಿಸಿದ್ದಾರೆ. ಜೈನ ವಾಚಕರಿಗೆ ಈ ಸಂಕಟವನ್ನು ವಿವರಿಸಬೇಕಾಗಿಲ್ಲ. ಶ್ರಾವಕನಿಗೆ ನಿಷಿದ್ಧವೆಂದು ಹೇಳಿರುವ ಹದಿನೈದು ಕರ್ಮಾದಾನಗಳಲ್ಲಿ ಕಾಡಿಗೆ ಬೆಂಕಿಯಿಡುವುದೂ ಒಂದು. ಗೃಹಸ್ಥನು ಸಂಕಲ್ಪಿ ಹಿಂಸೆಯನ್ನು ಪೂರ್ಣವಾಗಿ ತೊರೆಯಬೇಕು, ಆರಂಭಿ, ಉದ್ಯೋಗಿ, ವಿರೋಧಿ ಹಿಂಸೆಗಳಲ್ಲಿ ಕೈಲಾದಷ್ಟು ಎಚ್ಚರದಿಂದಿರಬೇಕು ಎಂಬ ವಿಂಗಡಣೆ ನಮಗೆ ಪರಿಚಿತವೇ. ಹಸಿದ ಮಕ್ಕಳನ್ನು ಬೆನ್ನಿಗಿಟ್ಟುಕೊಂಡು ಬೆಂಕಿ ಹಚ್ಚಿದವನ ಕಾರ್ಯವನ್ನು ಸಂಕಲ್ಪಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಆದರೂ ಒಂದು ಮಾತು ನಿಲ್ಲುತ್ತದೆ. ನಾವು ಹೋಗಿ ಸೇರುವ ನಾಡು ಎಂದೂ ಬರಿದಾಗಿರುವುದಿಲ್ಲ. ನಮಗಿಂತ ಮೊದಲೇ ಅಲ್ಲಿ ಒಕ್ಕಲಿದ್ದ ಜೀವಗಳಿರುತ್ತವೆ. ಬೈಲುಕುಪ್ಪೆಯಲ್ಲಿ ಆನೆಗಳು ಬಂದು ಬೆಳೆ ತುಳಿದವು, ಮನೆಗಳನ್ನು ಕೆಡವಿದವು. ಅದನ್ನು ನಾವು 'ಉಪಟಳ' ಎಂದು ಬರೆಯುತ್ತೇವೆ. ಆನೆಗೆ ಬರವಣಿಗೆ ಬಂದಿದ್ದರೆ ಬೇರೆ ಪದವನ್ನು ಬಳಸುತ್ತಿತ್ತೋ ಏನೋ.

ಮುಂದಿನ ಕಥೆ ಬಹುಪಾಲು ಯಶಸ್ಸಿನದು. ಮುಸುಕಿನ ಜೋಳ ಬೆಳೆಯಿತು, ಶಾಲೆಗಳು ತೆರೆದವು, ಮಠಗಳು ಎದ್ದವು. ಮುಂಡಗೋಡು, ಹುಣಸೂರು, ಕೊಳ್ಳೇಗಾಲದ ಕಡೆಗಳಲ್ಲಿಯೂ ವಸತಿಗಳಾದವು. ಈ ಪುನರ್ವಸತಿಗೆಂದೇ 1968ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆ ಆ ಕೆಲಸ ಮುಗಿದ ಮೇಲೆ ನಮ್ಮ ಬಡ ರೈತರ ಕಡೆಗೆ ತಿರುಗಿತು. ಮಕ್ಕಳು ಕನ್ನಡ ಕಲಿತರು. ಲೆಕ್ಕ ಹಾಕುವವನು ಇಲ್ಲಿಗೆ ನಿಲ್ಲಿಸಿ 'ಎಲ್ಲರಿಗೂ ಒಳ್ಳೆಯದಾಯಿತು' ಎಂದು ಬರೆಯಬಹುದು. ಆದರೆ ಆ ಮೊದಲ ತಲೆಮಾರಿನ ಮುದುಕರನ್ನು ಯಾವ ಕಲಮಿನಲ್ಲಿ ಬರೆಯೋಣ? ಅವರ ಆಹಾರ ಬಾರ್ಲಿಯ ಹುರಿಹಿಟ್ಟು, ಬೆಣ್ಣೆ ಬೆರೆಸಿದ ಚಹಾ. ಅವರ ಸಂಪತ್ತು ಯಾಕ್ ಎಂಬ ಚಮರೀಮೃಗ. ಅದು ಈ ಬಿಸಿಲಿನಲ್ಲಿ ಬದುಕದು. ಕೆಲವೇ ವರ್ಷಗಳಲ್ಲಿ ಹಿಂದಿರುಗುತ್ತೇವೆಂಬ ನಂಬಿಕೆಯಲ್ಲಿ ಅವರಲ್ಲಿ ಅನೇಕರು ದಿನಗಳನ್ನು ಕಳೆದರು, ಆ ನಂಬಿಕೆಯೊಡನೆಯೇ ತೀರಿಕೊಂಡರು. ಸ್ಥಳಾಂತರದ ಲಾಭ ಮಕ್ಕಳ ಹೆಸರಿಗೆ ಹೋಯಿತು, ಬೆಲೆ ಮುದುಕರ ಹೆಸರಿಗೆ.

ಇದು ಅನ್ಯಾಯವೆ? ನನ್ನ ಅಭಿಪ್ರಾಯದಲ್ಲಿ, ಸ್ಥಳಾಂತರವಷ್ಟೇ ಅನ್ಯಾಯವಲ್ಲ. ಹಿರಿಯರು ಕಿರಿಯರಿಗಾಗಿ ತೆರುವುದು ಸಂಸಾರದ ರೀತಿಯೇ ಆಗಿದೆ. ಬಹಳ ಮಂದಿ ಹಿರಿಯರು ಕೇಳಿದರೆ ಒಪ್ಪಿಯೇ ಒಪ್ಪುತ್ತಾರೆ. ತಪ್ಪಿರುವುದು ಕೇಳದಿರುವುದರಲ್ಲಿ. ಅದಕ್ಕಿಂತ ಹೆಚ್ಚಾಗಿ, ಅವರು ತೆರುತ್ತಿರುವುದನ್ನೇ ಅವರಿಗೆ ಕೊಡುಗೆಯೆಂದು ಹೇಳುವುದರಲ್ಲಿ. "ಅಮ್ಮಾ, ನಿಮ್ಮ ಮಂಡಿನೋವಿಗೆ ಅಲ್ಲಿನ ಹವೆ ಒಳ್ಳೆಯದು" ಎಂದು ಮಗ ಹೇಳುತ್ತಾನೆ. ಅವನನ್ನು ಸೆಳೆಯುತ್ತಿರುವುದು ತನ್ನ ಉದ್ಯೋಗ, ಮಗನ ಕಾಲೇಜು. "ಎರಡು ವರ್ಷ ಮಾತ್ರ" ಎನ್ನುತ್ತಾನೆ. ಹಳೆಯ ಮನೆಯ ಮಾರಾಟದ ಮಾತು ಆಗಲೇ ಮುಗಿದಿರುತ್ತದೆ. ಸತ್ಯಾಣುವ್ರತವನ್ನು ನಾವು ಅಂಗಡಿಗೂ ನ್ಯಾಯಾಲಯಕ್ಕೂ ಸಂಬಂಧಿಸಿದ್ದೆಂದು ತಿಳಿದುಬಿಟ್ಟಿದ್ದೇವೆ. ತಾಯಿಯೊಡನೆ ಆಡುವ ಈ ಮೃದುವಾದ ಸುಳ್ಳು ಅದರ ವ್ಯಾಪ್ತಿಗೆ ಬರುವುದಿಲ್ಲವೆ? "ಅಮ್ಮಾ, ಇದರಿಂದ ನಿಮಗೆ ಕಷ್ಟವೇ ಹೆಚ್ಚು, ಆದರೂ ಮಕ್ಕಳ ಸಲುವಾಗಿ ಬನ್ನಿ" ಎಂದಾಗ ಆಕೆಗೆ ಒಪ್ಪುವ ಗೌರವವಾದರೂ ಉಳಿಯುತ್ತದೆ, ಒಪ್ಪದಿರುವ ದಾರಿಯೂ ತೆರೆದಿರುತ್ತದೆ.

ಚಂದ್ರಗಿರಿಯ ಮೇಲಿನ, ಸುಮಾರು ಕ್ರಿ.ಶ. 600ರ ಕಾಲದ ಶಾಸನವು ಉತ್ತರಾಪಥದಿಂದ ದಕ್ಷಿಣಾಪಥಕ್ಕೆ ಬಂದ ಸಂಘದ ವಿಷಯವನ್ನು ಹೇಳುತ್ತದೆ. ಅದು ಕ್ಷಾಮದಿಂದಾದ ಪ್ರಯಾಣ, ಚಳಿಯಿಂದಾದದ್ದಲ್ಲ. ಹೊರಟವರ ಮುಂದಾಳುಗಳು ಮುನಿಗಳು. ಆದ್ದರಿಂದ ಗೃಹಸ್ಥರ ವಲಸೆಗೆ ಅದನ್ನು ನೇರವಾಗಿ ಹೋಲಿಸಲಾಗದು. ಆದರೆ ತನ್ನ ಆಯುಷ್ಯ ಸ್ವಲ್ಪವೇ ಉಳಿದಿದೆಯೆಂದು ಅರಿತ ಆಚಾರ್ಯರು ಸಂಘವನ್ನು ಮುಂದಕ್ಕೆ ಕಳುಹಿಸಿ ತಾವು ಕಟವಪ್ರದಲ್ಲಿ ನಿಂತರು ಎಂಬ ಅಂಶವನ್ನು ಗಮನಿಸಬೇಕು. ಅಲ್ಲಿ ನಿಲ್ಲುವ ನಿರ್ಧಾರ ಹಿರಿಯರದೇ. ಅವರ ಪರವಾಗಿ ಬೇರೆ ಯಾರೂ ಲೆಕ್ಕ ಹಾಕಲಿಲ್ಲ.

ಬೈಲುಕುಪ್ಪೆಯಲ್ಲಿ ಈಗ ಎರಡನೆಯ ವಲಸೆ ನಡೆದಿದೆ. ಹಿಂದೆ ಚಳಿಗಾಲ ಬಂತೆಂದರೆ ಅಲ್ಲಿನ ಕುಟುಂಬಗಳು ಲೂಧಿಯಾನದ ಸ್ವೆಟರುಗಳನ್ನು ಕೊಂಡು ದೇಶದ ನಗರಗಳಲ್ಲಿ ಮಾರಲು ಹೊರಡುತ್ತಿದ್ದವು. ಆ ವ್ಯಾಪಾರ ಇನ್ನೂ ಇದೆ. ಬಿಸಿಲಿಗೆ ಬಂದವರಿಗೆ ಅನ್ನ ಕೊಟ್ಟದ್ದು ಉಣ್ಣೆಯೇ. ಆದರೆ ಯುವಜನರು ಬಹುಸಂಖ್ಯೆಯಲ್ಲಿ ಅಮೆರಿಕ, ಕೆನಡಾ, ಯೂರೋಪುಗಳಿಗೆ, ಎಂದರೆ ಮತ್ತೆ ಚಳಿಯ ನಾಡುಗಳಿಗೆ, ಹೋಗುತ್ತಿದ್ದಾರೆ. ಕರ್ನಾಟಕದ ಬಿಸಿಲಿನಲ್ಲಿ ಹುಟ್ಟಿದ ಇವರಿಗೆ ಹಿಮವು ತಾತಂದಿರ ಕಥೆ ಮಾತ್ರ. ವಸತಿಯಲ್ಲಿ ವೃದ್ಧಾಶ್ರಮಗಳಿವೆ. ಒಮ್ಮೆ ದೇಹವನ್ನು ಬಿಸಿಲಿಗೆ ಒಪ್ಪಿಸಿದವರನ್ನು ಎರಡನೆಯ ಬಾರಿ ಹೊರಡಿಸಲು ಯಾವ ಮಗನಿಗೆ ತಾನೇ ಮನಸ್ಸು ಬರುತ್ತದೆ?

ಶೀತದೇಶಗಳಲ್ಲಿ ನೆಲೆಸಿದ ನಮ್ಮ ಸಮಾಜದ ಕುಟುಂಬಗಳಲ್ಲಿ ಕೆಲವು ತಾಯ್ನಾಡಿಗೆ ಹಿಂದಿರುಗುವ ವಿಚಾರ ಮಾಡುವುದುಂಟು. ಅಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ: ಅಜ್ಜಿಗೆ ಅದು ತವರು, ಕಳೆದುಕೊಳ್ಳುವುದು ಮೊಮ್ಮಗಳು. ತಂದೆ "ನಮ್ಮ ಊರಿಗೆ ಹೋಗೋಣ" ಎನ್ನುವಾಗ ಟೊರಾಂಟೊದಲ್ಲಿ ಹುಟ್ಟಿದ ಹತ್ತು ವರ್ಷದ ಹುಡುಗಿಗೆ ಆ 'ನಮ್ಮ' ಎಂಬುದರಲ್ಲಿ ತಾನಿಲ್ಲವೆಂಬುದು ಕೂಡಲೇ ತಿಳಿಯುತ್ತದೆ. ಅವಳಿಗೂ ನಿಜವನ್ನೇ ಹೇಳಬೇಕು. ಅಂಥ ಕುಟುಂಬ ಬಂದಾಗ ಊರಿನ ಬಸದಿಯ ಆಡಳಿತ ಮಂಡಳಿಯವರು ಸನ್ಮಾನದ ಹಾರ, ಭಾಷಣಗಳನ್ನು ಬಿಟ್ಟು ಮಾಡಬಹುದಾದ ಕೆಲಸಗಳಿವೆ. ಆ ಮಗುವಿನ ಕನ್ನಡವನ್ನು ಕೇಳಿ ನಗದಂತೆ ಪಾಠಶಾಲೆಯ ಮಕ್ಕಳಿಗೆ ತಿಳಿಹೇಳಬಹುದು. ಮಾರ್ಚಿನಿಂದ ಮೇ ತನಕ ಕಾದ ಕಲ್ಲುಹಾಸಿನ ಮೇಲೆ ಬರಿಗಾಲಿನಲ್ಲಿ ಪ್ರದಕ್ಷಿಣೆ ಮಾಡಲಾರದವರಿಗಾಗಿ ತೆಂಗಿನ ನಾರಿನ ಚಾಪೆ ಹಾಸಿ, ಮಧ್ಯಾಹ್ನಕ್ಕೊಮ್ಮೆ ಅದರ ಮೇಲೆ ನೀರು ಚಿಮುಕಿಸಬಹುದು.